ರಾಬಿನ್ ವುಡ್

ರಾಬಿನ್ ವುಡ್ (ಪೂರ್ಣ ಹೆಸರು: ರಾಬರ್ಟ್ ಪಾಲ್ ವುಡ್, 23 ಫೆಬ್ರವರಿ 1931 – 18 ಡಿಸೆಂಬರ್ 2009) ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಚಲನಚಿತ್ರ ವಿಮರ್ಶಕ ಮತ್ತು ಪ್ರಾಧ್ಯಾಪಕ. ಆಲ್‌ಫ್ರೆಡ್ ಹಿಚ್‌ಕಾಕ್, ಹೊವಾರ್ಡ್ ಹಾಕ್ಸ್, ಇಂಗ್ಮಾರ್ ಬರ್ಗ್‌ಮನ್ ಮೊದಲಾದ ನಿರ್ದೇಶಕರನ್ನು ಕುರಿತು ಇಂಗ್ಲಿಷ್‌ನಲ್ಲಿ ಬಂದ ಆರಂಭಿಕ ಗಂಭೀರ ಅಧ್ಯಯನಗಳಲ್ಲಿ ಇವರ ಪುಸ್ತಕಗಳೂ ಸೇರಿವೆ. 1970ರ ದಶಕದಲ್ಲಿ ತಾವು ಸಲಿಂಗಪ್ರೇಮಿಯೆಂದು ಬಹಿರಂಗಪಡಿಸಿದ ಬಳಿಕ ವುಡ್ ತಮ್ಮದೇ ಹಿಂದಿನ ಬರಹಗಳನ್ನು ಮರುಪರಿಶೀಲನೆಗೆ ಒಳಪಡಿಸಿದರು. ಅಮೆರಿಕದ ಭಯಾನಕ ಚಿತ್ರಗಳನ್ನು ಕುರಿತು 1978–80ರ ಅವಧಿಯಲ್ಲಿ ಅವರು ಬರೆದ ಪ್ರಬಂಧಗಳು ಆ ಪ್ರಕಾರದ ಅಧ್ಯಯನಕ್ಕೆ ತಾತ್ವಿಕ ತಳಹದಿ ಒದಗಿಸಿದವು. ಸಮಾಜವು ತನ್ನೊಳಗೆ ಅದುಮಿಟ್ಟದ್ದೇ ಪರದೆಯ ಮೇಲೆ ರಾಕ್ಷಸರೂಪದಲ್ಲಿ ಮರಳಿ ಬರುತ್ತದೆ ಎಂಬುದು ಈ ಪ್ರಬಂಧಗಳ ಮುಖ್ಯ ಪ್ರತಿಪಾದನೆ.

ಆರಂಭಿಕ ಜೀವನ ಮತ್ತು ಶಿಕ್ಷಣ

ವುಡ್ ಅವರು ಲಂಡನ್ ಸಮೀಪದ ರಿಚ್ಮಂಡ್‌ನಲ್ಲಿ ಜನಿಸಿದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಜೀಸಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡಿದರು. ಅಲ್ಲಿ ಸಾಹಿತ್ಯ ವಿಮರ್ಶಕ ಎಫ್. ಆರ್. ಲೀವಿಸ್ ಅವರ ಪ್ರಭಾವಕ್ಕೆ ಒಳಗಾದರು. ಕೃತಿಯನ್ನು ಸಾಲು ಸಾಲಾಗಿ ಎಚ್ಚರದಿಂದ ಓದಬೇಕು, ಕಲೆಯ ಮೌಲ್ಯವನ್ನು ಬದುಕಿನ ಮೌಲ್ಯದಿಂದ ಬೇರ್ಪಡಿಸಬಾರದು ಎಂಬ ಲೀವಿಸ್ ಅವರ ನಿಲುವು ವುಡ್ ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಉಳಿಯಿತು. ಆದರೆ ಲೀವಿಸ್ ಸಿನಿಮಾವನ್ನು ಗಂಭೀರ ಕಲೆಯೆಂದು ಪರಿಗಣಿಸಿರಲಿಲ್ಲ. ಗುರುವಿನ ವಿಧಾನವನ್ನು ಗುರು ಒಪ್ಪದ ಮಾಧ್ಯಮಕ್ಕೆ ಅನ್ವಯಿಸಿದ್ದು ಶಿಷ್ಯನ ಮೊದಲ ಸ್ವತಂತ್ರ ಹೆಜ್ಜೆಯಾಯಿತು.

ಪದವಿಯ ನಂತರ ವುಡ್ ಇಂಗ್ಲೆಂಡ್ ಮತ್ತು ಸ್ವೀಡನ್‌ಗಳಲ್ಲಿ ಶಾಲಾ ಶಿಕ್ಷಕರಾಗಿ ದುಡಿದರು. 1960ರಲ್ಲಿ ಅವರ ವಿವಾಹವಾಯಿತು. ದಂಪತಿಗೆ ಮೂವರು ಮಕ್ಕಳು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಗಂಡಸರ ನಡುವಿನ ಸಲಿಂಗ ಸಂಬಂಧ 1967ರವರೆಗೆ ಶಿಕ್ಷಾರ್ಹ ಅಪರಾಧವಾಗಿತ್ತು. ಆ ವರ್ಷದ ಕಾಯಿದೆಯೂ 21 ವರ್ಷ ತುಂಬಿದವರ ಖಾಸಗಿ ಸಂಬಂಧಕ್ಕೆ ಮಾತ್ರ ವಿನಾಯಿತಿ ನೀಡಿತು. ವುಡ್ ಅವರ ಆರಂಭಿಕ ಪುಸ್ತಕಗಳಲ್ಲಿ ಹಲವು ಈ ಹಿನ್ನೆಲೆಯಲ್ಲಿ, ಸ್ವಂತ ಒಲವನ್ನು ಮರೆಮಾಚಿಕೊಂಡಿದ್ದ ಕಾಲದಲ್ಲಿ ರಚಿತವಾದವು.

ವಿಮರ್ಶಕರಾಗಿ ಪ್ರವೇಶ

ವುಡ್ ಅವರ ಮೊದಲ ಪ್ರಕಟಿತ ಲೇಖನ ಹಿಚ್‌ಕಾಕ್ ಅವರ 'ಸೈಕೋ' ಚಿತ್ರವನ್ನು ಕುರಿತದ್ದು. ಅದು 1960ರಲ್ಲಿ ಪ್ಯಾರಿಸ್ಸಿನ 'ಕಾಯೇ ದು ಸಿನೆಮಾ' ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯಲ್ಲಿ ಬೆಳಕು ಕಂಡಿತು. ಬ್ರಿಟಿಷ್ ವಿಮರ್ಶಕರಲ್ಲಿ ಬಹಳಷ್ಟು ಮಂದಿ ಹಿಚ್‌ಕಾಕ್ ಅವರನ್ನು ಚತುರ ಮನರಂಜಕನೆಂದಷ್ಟೇ ನೋಡುತ್ತಿದ್ದ ಕಾಲವದು. ಮುಂದೆ, 1962ರಲ್ಲಿ ಆರಂಭವಾದ 'ಮೂವಿ' ಪತ್ರಿಕೆಯ ಬಳಗದೊಡನೆ ವುಡ್ ಗುರುತಿಸಿಕೊಂಡರು. ಕಥಾವಸ್ತುವಿನ ಸಾಮಾಜಿಕ ಗಾಂಭೀರ್ಯವನ್ನಷ್ಟೇ ಅಳೆಯುವ ಬದಲು ದೃಶ್ಯರಚನೆ, ಕ್ಯಾಮೆರಾದ ಚಲನೆ, ನಟನೆ ಹಾಗೂ ಸಂಕಲನದಲ್ಲಿ ಅರ್ಥ ಹೇಗೆ ಮೂಡುತ್ತದೆ ಎಂಬುದನ್ನು ಪರಿಶೀಲಿಸುವುದು ಆ ಬಳಗದ ಕ್ರಮವಾಗಿತ್ತು.

1965ರಲ್ಲಿ ಪ್ರಕಟವಾದ 'ಹಿಚ್‌ಕಾಕ್ಸ್ ಫಿಲ್ಮ್ಸ್' ಪುಸ್ತಕವು ಹಿಚ್‌ಕಾಕ್ ಅವರನ್ನು ಏಕೆ ಗಂಭೀರವಾಗಿ ಪರಿಗಣಿಸಬೇಕು ಎಂಬ ಪ್ರಶ್ನೆಯನ್ನು ಎತ್ತಿಕೊಂಡು, 'ವರ್ಟಿಗೋ', 'ಸೈಕೋ', 'ದಿ ಬರ್ಡ್ಸ್', 'ಮಾರ್ನಿ' ಮುಂತಾದ ಚಿತ್ರಗಳ ವಿವರವಾದ ವಿಶ್ಲೇಷಣೆಯ ಮೂಲಕ ಉತ್ತರ ನೀಡಿತು. ಇದರ ಬೆನ್ನಿಗೆ ಹೊವಾರ್ಡ್ ಹಾಕ್ಸ್ (1968) ಮತ್ತು ಇಂಗ್ಮಾರ್ ಬರ್ಗ್‌ಮನ್ (1969) ಅವರನ್ನು ಕುರಿತ ಪುಸ್ತಕಗಳು ಬಂದವು.

ಭಾರತೀಯ ಚಿತ್ರರಂಗದೊಂದಿಗಿನ ನಂಟು

1971ರಲ್ಲಿ ವುಡ್ 'ದಿ ಅಪು ಟ್ರಿಲಜಿ' ಎಂಬ ಕಿರುಪುಸ್ತಕವನ್ನು ಪ್ರಕಟಿಸಿದರು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955), 'ಅಪರಾಜಿತೊ' (1956) ಮತ್ತು 'ಅಪುರ್ ಸಂಸಾರ್' (1959) ಚಿತ್ರಗಳು ಇದರ ವಸ್ತು. ಹಾಲಿವುಡ್‌ನ ಜನಪ್ರಿಯ ಚಿತ್ರಗಳಿಗೆ ಅನ್ವಯಿಸಿದ ನಿಕಟ ಓದಿನ ಕ್ರಮವನ್ನೇ ಅವರು ಇಲ್ಲಿಯೂ ಅನುಸರಿಸಿದರು. ರಾಯ್ ಚಿತ್ರಗಳನ್ನು ಪಾಶ್ಚಾತ್ಯ ಭಾಷೆಯಲ್ಲಿ ಪುಸ್ತಕರೂಪದಲ್ಲಿ ಚರ್ಚಿಸಿದ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು.

ಅಧ್ಯಾಪನ

ವುಡ್ 1969ರಲ್ಲಿ ಕೆನಡಾಕ್ಕೆ ತೆರಳಿ, ಒಂಟಾರಿಯೊ ಪ್ರಾಂತ್ಯದ ಕಿಂಗ್‌ಸ್ಟನ್‌ನಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ 1972ರವರೆಗೆ ಬೋಧಿಸಿದರು. ಬಳಿಕ ಇಂಗ್ಲೆಂಡಿಗೆ ಮರಳಿ 1973ರಿಂದ 1977ರವರೆಗೆ ವಾರಿಕ್ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಅಧ್ಯಯನದ ಅಧ್ಯಾಪಕರಾಗಿದ್ದರು. 1977ರಲ್ಲಿ ಟೊರಾಂಟೊ ನಗರದ ಯಾರ್ಕ್ ವಿಶ್ವವಿದ್ಯಾಲಯವನ್ನು ಸೇರಿ ನಿವೃತ್ತಿಯವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು. ಈ ಅವಧಿಯಲ್ಲಿ ಅವರ ವಿವಾಹ ಸಂಬಂಧ ಕೊನೆಗೊಂಡಿತ್ತು. ವಿಮರ್ಶಕ ರಿಚರ್ಡ್ ಲಿಪ್ಪೆ ಅವರ ಜೀವನ ಸಂಗಾತಿಯಾದರು. ಇಬ್ಬರೂ ಇತರರೊಡನೆ ಸೇರಿ 1985ರಲ್ಲಿ 'ಸಿನಿಆಕ್ಷನ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ಸಂಪಾದಕ ಮಂಡಳಿಯ ಸಾಮೂಹಿಕ ಹೊಣೆಯಲ್ಲಿ ಹೊರಬರುತ್ತಿದ್ದ ಈ ಪತ್ರಿಕೆ ಸ್ತ್ರೀವಾದ, ಸಲಿಂಗಪ್ರೇಮಿಗಳ ಹಕ್ಕು ಮತ್ತು ಎಡಪಂಥೀಯ ಚಿಂತನೆಗಳನ್ನು ಚಿತ್ರವಿಮರ್ಶೆಯೊಡನೆ ಬೆಸೆಯುವ ಗುರಿ ಹೊಂದಿತ್ತು.

ಸಲಿಂಗಪ್ರೇಮಿ ವಿಮರ್ಶಕನ ಹೊಣೆ

1977ರಲ್ಲಿ ವುಡ್ ಲಂಡನ್ನಿನ ನ್ಯಾಷನಲ್ ಫಿಲ್ಮ್ ಥಿಯೇಟರ್‌ನಲ್ಲಿ ನೀಡಿದ ಉಪನ್ಯಾಸವು 1978ರಲ್ಲಿ 'ರೆಸ್ಪಾನ್ಸಿಬಿಲಿಟೀಸ್ ಆಫ್ ಎ ಗೇ ಫಿಲ್ಮ್ ಕ್ರಿಟಿಕ್' ಎಂಬ ಶೀರ್ಷಿಕೆಯಲ್ಲಿ ಅಮೆರಿಕದ 'ಫಿಲ್ಮ್ ಕಾಮೆಂಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಮರ್ಶಕನ ವೈಯಕ್ತಿಕ ಬದುಕು ಅವನ ತೀರ್ಮಾನಗಳಿಗೆ ಸಂಬಂಧಿಸಿದ್ದಲ್ಲ ಎಂಬ ರೂಢಿಯ ನಂಬಿಕೆಯನ್ನು ವುಡ್ ಇದರಲ್ಲಿ ಪ್ರಶ್ನಿಸಿದರು. ಬರೆಯುವವನು ಎಲ್ಲಿ ನಿಂತು ನೋಡುತ್ತಿದ್ದಾನೆ ಎಂಬುದು ಅವನಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ನಿರ್ಧರಿಸುತ್ತದೆ ಎಂಬುದು ಅವರ ವಾದ.

ಈ ವಾದವನ್ನು ಅವರು ಮೊದಲು ಅನ್ವಯಿಸಿದ್ದು ತಮಗೇ. ಬರ್ಗ್‌ಮನ್ ಅವರ ಚಿತ್ರಗಳ ಯಾತನೆಯನ್ನು ಮನುಷ್ಯ ಮಾತ್ರದ ಅನಿವಾರ್ಯ ಸ್ಥಿತಿಯೆಂದು ತಾವು ಹಿಂದೆ ಒಪ್ಪಿಕೊಂಡಿದ್ದನ್ನು ವುಡ್ ಟೀಕಿಸಿಕೊಂಡರು. ಅದು ನಿರ್ದಿಷ್ಟ ಕುಟುಂಬ ವ್ಯವಸ್ಥೆ ಮತ್ತು ಸಮಾಜ ಸೃಷ್ಟಿಸಿದ ಯಾತನೆಯಾಗಿರಬಹುದು, ಹಾಗಿದ್ದರೆ ಅದನ್ನು ಬದಲಿಸಲೂ ಸಾಧ್ಯ ಎಂಬ ನಿಲುವಿಗೆ ಬಂದರು. ಹಾಕ್ಸ್ ಅವರ ಸಾಹಸಚಿತ್ರಗಳಲ್ಲಿ ಗಂಡಸರ ನಡುವಿನ ಗಾಢ ಸ್ನೇಹವನ್ನು ಕುರಿತು ತಮ್ಮ ಮೊದಲ ಪುಸ್ತಕ ಹೇಳದೆ ಬಿಟ್ಟದ್ದನ್ನು ಈಗ ಚರ್ಚೆಗೆ ತಂದರು. ಸಲಿಂಗಪ್ರೇಮದ ಪಾತ್ರಗಳನ್ನು ಪತ್ತೆಹಚ್ಚಿ ಎಣಿಸುವುದು ಅವರ ಉದ್ದೇಶವಾಗಿರಲಿಲ್ಲ. ಏಕಪತ್ನಿತ್ವ, ಪಿತೃಪ್ರಧಾನ ಕುಟುಂಬ ಹಾಗೂ ಭಿನ್ನಲಿಂಗ ಪ್ರೇಮಗಳನ್ನು ಪ್ರಶ್ನಾತೀತ ಆದರ್ಶಗಳೆಂದು ಸಿನಿಮಾ ಹೇಗೆ ಸ್ಥಾಪಿಸುತ್ತದೆ, ಎಲ್ಲಿ ಆ ಸ್ಥಾಪನೆ ಬಿರುಕು ಬಿಡುತ್ತದೆ ಎಂಬುದನ್ನು ಗುರುತಿಸುವುದು ಅವರ ಗುರಿಯಾಗಿತ್ತು.

ಇದೇ ಕಾಲಘಟ್ಟದಲ್ಲಿ ಬ್ರಿಟನ್ನಿನಲ್ಲಿ ರಿಚರ್ಡ್ ಡೈಯರ್ ಸಂಪಾದಿಸಿದ 'ಗೇಸ್ ಅಂಡ್ ಫಿಲ್ಮ್' (1977) ಮತ್ತು ಅಮೆರಿಕದಲ್ಲಿ ವಿಟೊ ರುಸ್ಸೊ ಬರೆದ 'ದಿ ಸೆಲ್ಯುಲಾಯ್ಡ್ ಕ್ಲಾಸೆಟ್' (1981) ಪುಸ್ತಕಗಳು ಹೊರಬಂದವು. ಮುಂದೆ ಕ್ವಿಯರ್ ಚಲನಚಿತ್ರ ಅಧ್ಯಯನವೆಂದು ಹೆಸರಾದ ಕ್ಷೇತ್ರಕ್ಕೆ ಈ ಬರಹಗಳು ಅಡಿಪಾಯವಾದವು. 'ಕ್ವಿಯರ್' ಎಂಬ ಪದ ಹಿಂದೆ ಇಂಗ್ಲಿಷ್‌ನಲ್ಲಿ ಬೈಗುಳವಾಗಿತ್ತು. ಲಿಂಗ ಮತ್ತು ಲೈಂಗಿಕತೆಯ ರೂಢಿಗತ ಚೌಕಟ್ಟಿಗೆ ಒಗ್ಗದವರು ಅದನ್ನು ತಮ್ಮ ಗುರುತಾಗಿ ಸ್ವೀಕರಿಸಿದ್ದಾರೆ.

ಭಯಾನಕ ಚಿತ್ರಗಳ ಸಿದ್ಧಾಂತ

1979ರಲ್ಲಿ ಟೊರಾಂಟೊ ಚಲನಚಿತ್ರೋತ್ಸವದ ಅಂಗವಾಗಿ ವುಡ್ ಮತ್ತು ಲಿಪ್ಪೆ ಅಮೆರಿಕದ ಭಯಾನಕ ಚಿತ್ರಗಳ ವಿಶೇಷ ಪ್ರದರ್ಶನವನ್ನು ಸಂಘಟಿಸಿದರು. ಅದರ ಜೊತೆಗೆ 'ದಿ ಅಮೆರಿಕನ್ ನೈಟ್‌ಮೇರ್' ಎಂಬ ಪ್ರಬಂಧ ಸಂಕಲನ ಪ್ರಕಟವಾಯಿತು. ಇದರಲ್ಲಿರುವ ವುಡ್ ಅವರ ಪ್ರಸ್ತಾವನಾ ಪ್ರಬಂಧ ಅವರ ಬರಹಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು.

ಅದುಮಿಡುವಿಕೆ

ಹರ್ಬರ್ಟ್ ಮಾರ್ಕ್ಯೂಸ್ ಮತ್ತು ಗ್ಯಾಡ್ ಹೊರೊವಿಟ್ಜ್ ಅವರ ಚಿಂತನೆಯನ್ನು ಅನುಸರಿಸಿ ವುಡ್ ದಮನವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಹಸುಳೆಯೊಂದು ಕ್ಷಣದ ಬಯಕೆಗಳನ್ನು ಹತೋಟಿಗೆ ತಂದುಕೊಂಡು ಇತರರೊಡನೆ ಬಾಳಲು ಕಲಿಯುವುದಕ್ಕೆ ಬೇಕಾದದ್ದು ಮೂಲಭೂತ ದಮನ. ಒಂದು ನಿರ್ದಿಷ್ಟ ಸಮಾಜವು ತನಗೆ ಬೇಕಾದ ಪಾತ್ರಗಳಿಗೆ ಮನುಷ್ಯರನ್ನು ಒಗ್ಗಿಸಲು ಹೇರುವಂಥದ್ದು ಹೆಚ್ಚುವರಿ ದಮನ. ಈ ಎರಡನೆಯದು ಉಭಯಲಿಂಗಾಕರ್ಷಣೆ, ಹೆಣ್ಣಿನ ಕಾಮನೆ ಹಾಗೂ ಸೃಜನಶೀಲತೆ, ಮಕ್ಕಳ ಸಹಜ ಚೈತನ್ಯ ಇವುಗಳನ್ನು ಅದುಮುತ್ತದೆ ಎಂದು ವುಡ್ ವಿವರಿಸುತ್ತಾರೆ. ದಮನ ಒಳಗಿನದು, ದಬ್ಬಾಳಿಕೆ ಹೊರಗಿನದು. ಆದರೆ ಎರಡೂ ಒಂದನ್ನೊಂದು ಪೋಷಿಸುತ್ತವೆ. ತನ್ನೊಳಗಿನ ಆಕರ್ಷಣೆಯನ್ನು ಒಪ್ಪಿಕೊಳ್ಳಲಾಗದವನು ಅದನ್ನು ಬಹಿರಂಗವಾಗಿ ಬಾಳುವವನ ಮೇಲೆ ದ್ವೇಷ ಕಾರುವುದು ಇದಕ್ಕೆ ಉದಾಹರಣೆ.

'ಅನ್ಯ'

ಒಪ್ಪಲೂ ಆಗದ, ಕೈಬಿಡಲೂ ಆಗದ ಅಂಶಗಳನ್ನು ಸಮಾಜವು ತನ್ನಿಂದ ಹೊರಗಿಟ್ಟು ಅವಕ್ಕೆ 'ಅನ್ಯ'ದ ರೂಪ ಕೊಡುತ್ತದೆ. ವುಡ್ ಅವರ ಪಟ್ಟಿಯಲ್ಲಿ ಮಹಿಳೆಯರು, ಶ್ರಮಿಕ ವರ್ಗ, ಬೇರೆ ಸಂಸ್ಕೃತಿಗಳು, ಜನಾಂಗೀಯ ಅಲ್ಪಸಂಖ್ಯಾತರು, ಪರ್ಯಾಯ ರಾಜಕೀಯ ಸಿದ್ಧಾಂತಗಳು, ಲೈಂಗಿಕ ರೂಢಿಯನ್ನು ಮೀರಿದವರು ಮತ್ತು ಮಕ್ಕಳು ಸೇರಿದ್ದಾರೆ. ಭಯಾನಕ ಚಿತ್ರಗಳ ರಾಕ್ಷಸರು ಈ ಪಟ್ಟಿಯಿಂದಲೇ ಹುಟ್ಟಿಬರುತ್ತಾರೆ ಎಂಬುದು ಅವರ ವಾದ.

ಸರಳ ಸೂತ್ರ

ಈ ಪ್ರಕಾರದ ಎಲ್ಲ ಚಿತ್ರಗಳಿಗೂ ಹೊಂದುವ ಒಂದು ಸೂತ್ರವನ್ನು ವುಡ್ ಮುಂದಿಟ್ಟರು. ಅದರ ಪ್ರಕಾರ ಭಯಾನಕ ಚಿತ್ರದಲ್ಲಿ ವಾಡಿಕೆಯ ಬದುಕಿಗೆ ರಾಕ್ಷಸನಿಂದ ಬೆದರಿಕೆ ಬರುತ್ತದೆ. ಇಲ್ಲಿ ಮೂರು ಅಂಶಗಳು ಬದಲಾಗಬಲ್ಲವು: ವಾಡಿಕೆಯ ಬದುಕು, ರಾಕ್ಷಸ, ಮತ್ತು ಇವೆರಡರ ನಡುವಿನ ಸಂಬಂಧ. ವುಡ್ ಅವರಿಗೆ ಮೂರನೆಯದು ಹೆಚ್ಚು ಮುಖ್ಯ. ರಾಕ್ಷಸ ಅನೇಕ ಬಾರಿ ನಾಯಕನ ಪ್ರತಿಬಿಂಬದಂತೆ, ಅವನ ನೆರಳಿನಂತೆ ಇರುತ್ತಾನೆ. ಪ್ರೇಕ್ಷಕರಿಗೆ ರಾಕ್ಷಸನನ್ನು ಕಂಡರೆ ಭಯದ ಜೊತೆಗೆ ಕರುಣೆಯೂ ಗುಪ್ತವಾದ ಹಿಗ್ಗೂ ಆಗುವುದು ಇದೇ ಕಾರಣಕ್ಕೆ. ತಮ್ಮನ್ನು ಕಟ್ಟಿಹಾಕಿದ ನಿಯಮಗಳನ್ನು ಅವನು ಒಡೆಯುತ್ತಾನೆ.

ಕ್ವಿಯರ್ ಓದಿನ ನೆಲೆ

1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ಹಾಲಿವುಡ್‌ನ ನಿರ್ಮಾಣ ಸಂಹಿತೆ ಸಲಿಂಗಪ್ರೇಮದ ಸೂಚನೆಯನ್ನೂ ನಿಷೇಧಿಸಿತ್ತು. ಈ ನಿರ್ಬಂಧ 1961ರಲ್ಲಿ ಸಡಿಲಗೊಂಡಿತು. ಸಂಹಿತೆಯೇ 1968ರಲ್ಲಿ ಕೊನೆಗೊಂಡಿತು. ನೇರವಾಗಿ ಹೇಳಲಾಗದ್ದು ಪ್ರೇತ, ರಕ್ತಪಿಪಾಸು, ಹುಚ್ಚು ವಿಜ್ಞಾನಿಗಳ ಕಥೆಗಳಲ್ಲಿ ವೇಷ ಮರೆಸಿಕೊಂಡು ಬಂದಿತು. 'ಫ್ರಾಂಕೆನ್‌ಸ್ಟೈನ್' (1931) ಮತ್ತು 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' (1935) ಚಿತ್ರಗಳ ನಿರ್ದೇಶಕ ಜೇಮ್ಸ್ ವೇಲ್, 'ನೊಸ್‌ಫೆರಾಟು' (1922) ಚಿತ್ರದ ನಿರ್ದೇಶಕ ಎಫ್. ಡಬ್ಲ್ಯು. ಮುರ್ನಾವ್ ಇಬ್ಬರೂ ಸಲಿಂಗಪ್ರೇಮಿಗಳಾಗಿದ್ದರು. ಮುರ್ನಾವ್ ಅವರನ್ನೂ ಡ್ರಾಕುಲಾ ಕಥನವನ್ನೂ ಕುರಿತು ವುಡ್ ಪ್ರತ್ಯೇಕ ಪ್ರಬಂಧಗಳನ್ನು ಬರೆದಿದ್ದಾರೆ. ರಾಕ್ಷಸನ ರೂಪದಲ್ಲಷ್ಟೇ ಕಾಣಿಸಿಕೊಳ್ಳಲು ಅನುಮತಿಯಿದ್ದ ಬಯಕೆ, ಬಯಸುವವರನ್ನು ತಮ್ಮ ಕಣ್ಣಿಗೇ ರಾಕ್ಷಸರನ್ನಾಗಿಸುತ್ತದೆ ಎಂಬ ಕಹಿಸತ್ಯವೂ ಈ ಚರ್ಚೆಯ ಒಡಲಲ್ಲಿದೆ.

ಕಡೆಗಣಿತ ಚಿತ್ರಗಳ ಪರ ವಾದ

1960–70ರ ದಶಕಗಳಲ್ಲಿ ಕಡಿಮೆ ಬಂಡವಾಳದ ಭಯಾನಕ ಚಿತ್ರಗಳು ಅಗ್ಗದ ಚಿತ್ರಮಂದಿರಗಳಲ್ಲಿ, ಕಾರಿನಲ್ಲೇ ಕುಳಿತು ನೋಡುವ ಬಯಲು ಪ್ರದರ್ಶನಗಳಲ್ಲಿ ತೆರೆಕಂಡು ಮರೆಯಾಗುತ್ತಿದ್ದವು. ಗಣ್ಯ ಪತ್ರಿಕೆಗಳು ಇವನ್ನು ಗಮನಿಸುತ್ತಿದ್ದುದು ಕಡಿಮೆ. ವುಡ್ ಇವುಗಳಲ್ಲಿ ಆ ಕಾಲದ ಅಮೆರಿಕದ ಅತ್ಯಂತ ಪ್ರಾಮಾಣಿಕ ಆತ್ಮವಿಮರ್ಶೆಯನ್ನು ಕಂಡರು. ಅವರು ಚರ್ಚಿಸಿದ ಕೆಲವು ಚಿತ್ರಗಳು ಹೀಗಿವೆ:

• 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968): ಜಾರ್ಜ್ ಎ. ರೊಮೆರೊ ನಿರ್ದೇಶನ. ನಡೆದಾಡುವ ಶವಗಳಿಂದ ರಾತ್ರಿಯಿಡೀ ಪಾರಾದ ಕಪ್ಪುವರ್ಣೀಯ ನಾಯಕ ಬೆಳಗಾಗುವಾಗ ರಕ್ಷಣೆಗೆಂದು ಬಂದ ಗುಂಪಿನ ಗುಂಡಿಗೆ ಬಲಿಯಾಗುತ್ತಾನೆ. ಮುಂದುವರಿದ ಭಾಗವಾದ 'ಡಾನ್ ಆಫ್ ದಿ ಡೆಡ್' (1978) ಬೃಹತ್ ಮಾರಾಟ ಮಳಿಗೆಯೊಳಗೆ ನಡೆಯುತ್ತದೆ. ಸತ್ತ ಮೇಲೂ ಮನುಷ್ಯರು ಅಭ್ಯಾಸಬಲದಿಂದ ಅಲ್ಲಿಗೇ ಬರುತ್ತಾರೆ.

• 'ಸಿಸ್ಟರ್ಸ್' (1973): ಬ್ರಯಾನ್ ಡಿ ಪಾಲ್ಮಾ ನಿರ್ದೇಶನ. ಕೊಲೆಯನ್ನು ಕಣ್ಣಾರೆ ಕಂಡ ಪತ್ರಕರ್ತೆಯ ಮಾತನ್ನು ಯಾರೂ ನಂಬುವುದಿಲ್ಲ. ಸ್ವತಂತ್ರ ಹೆಣ್ಣಿನ ಬಾಯಿ ಮುಚ್ಚಿಸುವ ವ್ಯವಸ್ಥೆಯ ಚಿತ್ರಣವೆಂದು ವುಡ್ ಇದನ್ನು ಓದಿದರು.

• 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' (1974): ಟೋಬ್ ಹೂಪರ್ ನಿರ್ದೇಶನ. ಯಂತ್ರಗಳು ಬಂದು ಕಸಾಯಿಖಾನೆಯ ಕೆಲಸ ಕಳೆದುಕೊಂಡ ಕುಟುಂಬವೊಂದು ಮನುಷ್ಯರನ್ನೇ ಕೊಂದು ತಿನ್ನುತ್ತದೆ. ಮನುಷ್ಯರು ಮನುಷ್ಯರನ್ನು ತಿಂದು ಬದುಕುವ ಆರ್ಥಿಕ ವ್ಯವಸ್ಥೆಯ ತಾರ್ಕಿಕ ಕೊನೆಯನ್ನು ವುಡ್ ಇದರಲ್ಲಿ ಗುರುತಿಸಿದರು.

• 'ಇಟ್ಸ್ ಅಲೈವ್' (1974): ಲ್ಯಾರಿ ಕೋಹೆನ್ ನಿರ್ದೇಶನ. ವಿಕಾರವಾಗಿ ಹುಟ್ಟಿದ ಕೊಲೆಗಡುಕ ಶಿಶುವನ್ನು ಮೊದಲು ನಿರಾಕರಿಸುವ ತಂದೆ ಕೊನೆಗೆ ಅದನ್ನು ಕಾಪಾಡಲು ಹೆಣಗುತ್ತಾನೆ.

1980ರಲ್ಲಿ 'ಫಿಲ್ಮ್ ಕಾಮೆಂಟ್' ಪತ್ರಿಕೆಗೆ ಬರೆದ 'ನೆಗ್ಲೆಕ್ಟೆಡ್ ನೈಟ್‌ಮೇರ್ಸ್' ಪ್ರಬಂಧದ ಹೆಸರೇ ಕಡೆಗಣನೆಯನ್ನು ಸೂಚಿಸುತ್ತದೆ. ವೆಸ್ ಕ್ರೇವನ್ ಅವರ 'ದಿ ಲಾಸ್ಟ್ ಹೌಸ್ ಆನ್ ದಿ ಲೆಫ್ಟ್' (1972) ಚಿತ್ರವನ್ನೂ ಸ್ಟೆಫನಿ ರಾತ್ಮನ್ ಅವರ ಚಿತ್ರಗಳನ್ನೂ ವುಡ್ ಇದರಲ್ಲಿ ಪರಿಶೀಲಿಸಿದರು. ಅಗ್ಗದ ಮನರಂಜನಾ ಚಿತ್ರಗಳ ಚೌಕಟ್ಟಿನಲ್ಲೇ ಸ್ತ್ರೀವಾದಿ ಆಲೋಚನೆಗಳನ್ನು ತಂದ ವಿರಳ ಮಹಿಳಾ ನಿರ್ದೇಶಕರಲ್ಲಿ ರಾತ್ಮನ್ ಒಬ್ಬರು.

ವುಡ್ ಎಲ್ಲ ಭಯಾನಕ ಚಿತ್ರಗಳನ್ನೂ ಮೆಚ್ಚಿದವರಲ್ಲ. ರಾಕ್ಷಸನನ್ನು ಅಪ್ಪಟ ಕೆಡುಕೆಂದು ಚಿತ್ರಿಸುವ, ಲೈಂಗಿಕತೆಯನ್ನೇ ಹೇಸಿಗೆಯಾಗಿ ಕಾಣಿಸುವ ಚಿತ್ರಗಳನ್ನು ಅವರು ಪ್ರತಿಗಾಮಿ ಎಂದು ಕರೆದರು. ದೊಡ್ಡ ಸ್ಟುಡಿಯೊ ನಿರ್ಮಿಸಿದ 'ದಿ ಓಮನ್' (1976) ಚಿತ್ರವನ್ನು 'ಟೆಕ್ಸಾಸ್ ಚೈನ್ ಸಾ'ದ ಎದುರಿಗಿಟ್ಟು, ಮೊದಲನೆಯದು ಕೆಡುಕನ್ನು ಸದ್ಗೃಹಸ್ಥರ ಮನೆಯ ಹೊರಗಿನಿಂದ ತರುತ್ತದೆ, ಎರಡನೆಯದು ಕುಟುಂಬದೊಳಗೇ ಕಾಣುತ್ತದೆ ಎಂದು ಹೋಲಿಸಿದರು. ಕೆನಡಾದ ಡೇವಿಡ್ ಕ್ರೊನೆನ್‌ಬರ್ಗ್ ಅವರ 'ಶಿವರ್ಸ್' (1975) ಚಿತ್ರದ ಬಗೆಗಿನ ಅವರ ಕಟುಟೀಕೆ ದೀರ್ಘಕಾಲದ ವಾಗ್ವಾದಕ್ಕೆ ಕಾರಣವಾಯಿತು. 1980ರ ದಶಕದಲ್ಲಿ ಸಾಲುಸಾಲಾಗಿ ಬಂದ, ಪ್ರಣಯದಲ್ಲಿ ತೊಡಗಿದ ಯುವಕ ಯುವತಿಯರನ್ನು ಕೊಲ್ಲುವ ಚಿತ್ರಗಳನ್ನು ಹಿನ್ನಡೆಯೆಂದು ಪರಿಗಣಿಸಿದರು.

ಭಯಾನಕ ಪ್ರಕಾರದ ಹೊರಗೂ ವುಡ್ ತಿರಸ್ಕೃತ ಚಿತ್ರಗಳ ಪರ ನಿಂತರು. ಭಾರಿ ನಷ್ಟ ಅನುಭವಿಸಿ ಹಾಸ್ಯಕ್ಕೀಡಾದ ಮೈಕೆಲ್ ಚಿಮಿನೊ ಅವರ 'ಹೆವೆನ್ಸ್ ಗೇಟ್' (1980), ವಿಮರ್ಶಕರಿಂದ ಛೀಮಾರಿಗೆ ಒಳಗಾದ ರಿಚರ್ಡ್ ಫ್ಲೈಶರ್ ಅವರ 'ಮ್ಯಾಂಡಿಂಗೊ' (1975) ಚಿತ್ರಗಳನ್ನು ಅವರು ಶ್ರೇಷ್ಠ ಕೃತಿಗಳೆಂದು ಸಮರ್ಥಿಸಿದರು.

ಮರಳಿ ಹಿಚ್‌ಕಾಕ್ ಕಡೆಗೆ

1989ರಲ್ಲಿ ವುಡ್ 'ಹಿಚ್‌ಕಾಕ್ಸ್ ಫಿಲ್ಮ್ಸ್ ರಿವಿಸಿಟೆಡ್' ಪುಸ್ತಕವನ್ನು ಪ್ರಕಟಿಸಿದರು. 1965ರ ಪಠ್ಯವನ್ನು ತಿದ್ದಿ ಒಪ್ಪಮಾಡುವ ಬದಲು ಅದನ್ನು ಉಳಿಸಿಕೊಂಡು, ಅದರೊಡನೆ ವಾದಕ್ಕಿಳಿಯುವ ದೀರ್ಘ ಪ್ರಸ್ತಾವನೆ ಮತ್ತು ಹೊಸ ಅಧ್ಯಾಯಗಳನ್ನು ಸೇರಿಸಿದರು. ಹೀಗೆ ಒಂದೇ ರಟ್ಟಿನೊಳಗೆ, ತನ್ನನ್ನು ಮರೆಮಾಚಿಕೊಂಡಿದ್ದ ಯುವ ವಿಮರ್ಶಕನೂ ಅವನನ್ನು ಪ್ರಶ್ನಿಸುವ ಹಿರಿಯನೂ ಜೊತೆಯಾದರು. ಸ್ತ್ರೀವಾದದ ಬೆಳಕಿನಲ್ಲಿ ಹಿಚ್‌ಕಾಕ್ ಚಿತ್ರಗಳು ಏನಾಗಿ ಉಳಿಯುತ್ತವೆ ಎಂಬುದು ಹೊಸ ಭಾಗದ ಕೇಂದ್ರ ಪ್ರಶ್ನೆ. 'ರೋಪ್' (1948) ಚಿತ್ರದ ಕೊಲೆಗಾರ ಜೋಡಿಯನ್ನು ಕುರಿತ ಅಧ್ಯಾಯದಲ್ಲಿ ವುಡ್ ಹಿಚ್‌ಕಾಕ್ ಅವರ ಮೇಲಿನ ಸಲಿಂಗದ್ವೇಷದ ಆರೋಪವನ್ನು ಚರ್ಚಿಸಿದರು. ಪರದೆಯ ಮೇಲೆ ತಮ್ಮ ಸಂಬಂಧಕ್ಕೆ ಹೆಸರಿಡುವ ಅವಕಾಶವೇ ಇಲ್ಲದ ಪಾತ್ರಗಳನ್ನು ಅವರು ಆ ಕಾಲದ ನಿರ್ಬಂಧಗಳ ಹಿನ್ನೆಲೆಯಲ್ಲಿಟ್ಟು ನೋಡಿದರು.

ಟೀಕೆ ಮತ್ತು ಪ್ರಭಾವ

ವುಡ್ ಅವರ ಸಿದ್ಧಾಂತಕ್ಕೆ ಆಕ್ಷೇಪಗಳೂ ಬಂದಿವೆ. ಮನೋವಿಶ್ಲೇಷಣೆಯನ್ನು ಆಧರಿಸಿದ ವಿವರಣೆ ಎಲ್ಲ ಚಿತ್ರಗಳಿಗೂ ಹೊಂದದು ಎಂಬುದು ಒಂದು ಆಕ್ಷೇಪ. ತತ್ತ್ವಶಾಸ್ತ್ರಜ್ಞ ನೋಯೆಲ್ ಕ್ಯಾರೊಲ್ 'ದಿ ಫಿಲಾಸಫಿ ಆಫ್ ಹಾರರ್' (1990) ಪುಸ್ತಕದಲ್ಲಿ ರಾಕ್ಷಸನ ಸೆಳೆತವನ್ನು ದಮನದ ಬದಲು ಕುತೂಹಲ ಮತ್ತು ವರ್ಗೀಕರಣಕ್ಕೆ ಸಿಗದ ವಸ್ತುಗಳ ಬಗೆಗಿನ ಪ್ರತಿಕ್ರಿಯೆಯಿಂದ ವಿವರಿಸಿದರು. ಚಿತ್ರಗಳನ್ನು ಪ್ರಗತಿಪರ ಮತ್ತು ಪ್ರತಿಗಾಮಿ ಎಂದು ವಿಭಾಗಿಸುವ ವುಡ್ ಅವರ ಕ್ರಮ ತೀರಾ ಕಟ್ಟುನಿಟ್ಟಾದುದು ಎಂಬುದು ಇನ್ನೊಂದು ಆಕ್ಷೇಪ.

ಹಾಗಿದ್ದರೂ ನಂತರದ ಪ್ರಮುಖ ಅಧ್ಯಯನಗಳು ವುಡ್ ಅವರ ಪ್ರಬಂಧದೊಡನೆ ಸಂವಾದ ನಡೆಸಿಯೇ ಮುಂದುವರಿದಿವೆ. ಕ್ಯಾರಲ್ ಕ್ಲೋವರ್ (1992) ಮತ್ತು ಬಾರ್ಬರಾ ಕ್ರೀಡ್ (1993) ಭಯಾನಕ ಚಿತ್ರಗಳಲ್ಲಿ ಹೆಣ್ಣಿನ ಸ್ಥಾನವನ್ನು ಹೊಸದಾಗಿ ವಿಶ್ಲೇಷಿಸಿದರು. ಹ್ಯಾರಿ ಬೆನ್‌ಶಾಫ್ 'ಮಾನ್‌ಸ್ಟರ್ಸ್ ಇನ್ ದಿ ಕ್ಲಾಸೆಟ್' (1997) ಪುಸ್ತಕದಲ್ಲಿ ಸಲಿಂಗಪ್ರೇಮ ಮತ್ತು ರಾಕ್ಷಸತ್ವದ ನಂಟನ್ನು ದಶಕದಿಂದ ದಶಕಕ್ಕೆ ಗುರುತಿಸುತ್ತ ಹೋದರು.

ನಿಧನ

ವುಡ್ ಅವರು ರಕ್ತದ ಕ್ಯಾನ್ಸರ್ ಸಂಬಂಧಿತ ತೊಂದರೆಗಳಿಂದ 18 ಡಿಸೆಂಬರ್ 2009ರಂದು ಟೊರಾಂಟೊದಲ್ಲಿ ನಿಧನರಾದರು. ಆಗ ಅವರಿಗೆ 78 ವರ್ಷ ವಯಸ್ಸಾಗಿತ್ತು. ಭಯಾನಕ ಚಿತ್ರಗಳನ್ನು ಕುರಿತ ಅವರ ಬರಹಗಳನ್ನು ಬ್ಯಾರಿ ಕೀತ್ ಗ್ರಾಂಟ್ ಸಂಪಾದಿಸಿದ್ದು, ಆ ಸಂಕಲನ 2018ರಲ್ಲಿ ಪ್ರಕಟವಾಯಿತು.

ಪ್ರಮುಖ ಕೃತಿಗಳು

• ಹಿಚ್‌ಕಾಕ್ಸ್ ಫಿಲ್ಮ್ಸ್ (1965)
• ಹೊವಾರ್ಡ್ ಹಾಕ್ಸ್ (1968)
• ಇಂಗ್ಮಾರ್ ಬರ್ಗ್‌ಮನ್ (1969)
• ದಿ ಅಪು ಟ್ರಿಲಜಿ (1971)
• ಪರ್ಸನಲ್ ವ್ಯೂಸ್ (1976)
• ದಿ ಅಮೆರಿಕನ್ ನೈಟ್‌ಮೇರ್ (ಇತರರೊಡನೆ, 1979)
• ಹಾಲಿವುಡ್ ಫ್ರಮ್ ವಿಯೆಟ್ನಾಂ ಟು ರೇಗನ್ (1986, ವಿಸ್ತೃತ ಆವೃತ್ತಿ 2003)
• ಹಿಚ್‌ಕಾಕ್ಸ್ ಫಿಲ್ಮ್ಸ್ ರಿವಿಸಿಟೆಡ್ (1989, ಪರಿಷ್ಕೃತ ಆವೃತ್ತಿ 2002)
• ಸೆಕ್ಷುಯಲ್ ಪಾಲಿಟಿಕ್ಸ್ ಅಂಡ್ ನ್ಯಾರೆಟಿವ್ ಫಿಲ್ಮ್ (1998)
• ರಿಯೋ ಬ್ರಾವೊ (2003)